ಹಾಲು ಕರೆಯುವ ಹೊತ್ತಿಗೆ ಎತ್ತಿದ ಕೈಗಳು

ಮಾರ್ಚ್ ತಿಂಗಳ ಮೊದಲ ಮಂಗಳವಾರ ನಮ್ಮೂರಿನ ಸಭೆ, ಊರಿನ ಖರ್ಚು ಕಾನೂನು ಎಲ್ಲ ಊರವರೇ ಕೈ ಎತ್ತಿ ತೀರ್ಮಾನಿಸುವ ದಿನ. ಅಮೆರಿಕದ ಈ ವರ್ಮಂಟ್ ರಾಜ್ಯದ ಊರೂರಲ್ಲೂ ಅಂದೇ. ಬೆಳಗಿನ ಹಾಲು ಕರೆದು ಕೈ ತೊಳೆದವನೇ ನನ್ನ ಗಂಡ ಆಲ್ಡನ್ ಸಭಾಭವನಕ್ಕೆ ಓಡಿ ಎಪ್ಪತ್ತು ಕುರ್ಚಿ ಬಿಡಿಸಿ ಹಾಕುತ್ತಾನೆ. ಸಂಜೆ ಮತ್ತೆ ಕರೆದು ಮುಗಿಸಿ ಬಂದು ಅವನ್ನು ಮಡಚಿಡುವವನೂ ಅವನೇ. ಇಪ್ಪತ್ತೆರಡು ವರ್ಷದಿಂದ. ಹಿಮ ಬಿದ್ದರೆ ಊರವರ ಅಂಗಳ ಗೋರಲು ಅವನು, ಬೆಂಕಿ ಬಿದ್ದರೆ ಫೈರ್ ಎಂಜಿನ್ ಓಡಿಸಲು ಅವನು. ನಾನು ಕಟ್ಟಿಕೊಂಡಿದ್ದು ಗಂಡನನ್ನೋ ಊರಿನ ಬಿಟ್ಟಿ ಆಳನ್ನೋ ಎಂದು ಎಷ್ಟೋ ಸಲ ಜಗಳವಾಡಿದ್ದೇನೆ.

ಈ ಸಲ ನಮ್ಮ ಹಳ್ಳದ ಸೇತುವೆಯ ವಿಷಯವಿತ್ತು. ಹಳೆಯದಾಗಿದೆ, ರಿಪೇರಿ ಮಾಡಿಸಿ ಎಂದು ನಾವು. ರಿಪೇರಿ ಬೇಡ, ಎಲ್ಲರ ತೆರಿಗೆ ಏರುತ್ತದೆ, ಎಂಟು ಟನ್ನಿಗಿಂತ ಭಾರದ ಗಾಡಿ ದಾಟಬಾರದೆಂದು ಬೋರ್ಡು ಹಾಕಿದರೆ ಸಾಕು ಎಂದು ರಾಯ್ಸ್. ಆರು ವರ್ಷದ ಹಿಂದೆ ಹಳ್ಳದಾಚೆ ನಮ್ಮ ಪಕ್ಕದಲ್ಲೇ ಮನೆ ಕೊಂಡವನು. ಬೆಳಗ್ಗೆ ಹಾಲಿನ ಟ್ಯಾಂಕರು ಬಂದರೆ ಮಹಾಶಯನ ನಿದ್ದೆ ಕೆಡುತ್ತದೆ. ಟ್ಯಾಂಕರು ದಾಟದಿದ್ದರೆ ನಮ್ಮ ನಲವತ್ತೆಂಟು ಹಸುಗಳ ಹಾಲು ಚರಂಡಿಗೆ, ಹಸುಗಳು ಹರಾಜಿಗೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತು.

ಸಭೆಯ ಪಟ್ಟಿಯಲ್ಲಿ ಸೇತುವೆ ಮೂರನೆಯದು. ರಾಯ್ಸ್ ಎದ್ದು, "ಇದನ್ನ ಕೊನೇಗೆ ಇಟ್ಕೊಳ್ಳೋಣ" ಎಂದ. ಸಭೆ ನಡೆಸುವ ಈನಿಡ್ ಆಗಲಿ ಎಂದು ತಲೆಯಾಡಿಸಿದಳು. ಕೊನೆಗೆ ಎಂದರೆ ನಾಲ್ಕು ಗಂಟೆಯ ಮೇಲೆ. ನಾಲ್ಕಕ್ಕೆ ಆಲ್ಡನ್ ಎಲ್ಲಿರುತ್ತಾನೆ ಎಂದು ಊರಿನ ನಾಯಿಗಳಿಗೂ ಗೊತ್ತು.

ಹೊತ್ತಾಯಿತೆಂದು ಅವನು ಟೋಪಿ ಹಾಕಿಕೊಂಡು ಎದ್ದಾಗ ತೋಳು ಹಿಡಿದೆ.

"ಹೋಗ್ಬೇಡ. ನೀನು ಎದ್ದು ಹೋಗ್ಲಿ ಅಂತ್ಲೇ ಕಾಯ್ತಿದಾರೆ ಕಣೋ."

"ಕೆಚ್ಚಲು ಬಿಗಿದು ಒದ್ದಾಡ್ತಿರ್ತವೆ ವರ್ನಾ. ಇವರೇನು ಹೊರಗಿನವರಾ? ಸರಿಯಾದ್ದೇ ಮಾಡ್ತಾರೆ ಬಿಡು."

ಅವನ ಪಿಕಪ್ಪಿನ ಸದ್ದು ಅಡಗುವ ಮೊದಲೇ ಈನಿಡ್ ಸೇತುವೆಯ ವಿಷಯ ಎತ್ತಿಕೊಂಡಳು. ನಾನು ಟ್ಯಾಂಕರಿನ ಕಷ್ಟ, ಹಸುಗಳ ಕಷ್ಟ ಎಲ್ಲ ಹೇಳಿದೆ. ಗೋಡೆಗೆ ಹೇಳಿದ್ದರೂ ಆಗುತ್ತಿತ್ತು. ಬೋರ್ಡಿನ ಪರ ಮೂವತ್ತೆಂಟು ಕೈ ಎದ್ದವು, ವಿರುದ್ಧ ಇಪ್ಪತ್ತೇಳು. ಪರ ಎದ್ದವುಗಳಲ್ಲಿ ಮೊದಲನೆಯದು ಹಾರ್ಲನ್‌ನದು. ಅವನಿಗೆ ಸೊಂಟದ ಆಪರೇಷನ್ ಆದಾಗ ಎರಡು ತಿಂಗಳು ಅವನ ಮನೆಗೆ ಸೌದೆ ಹೊತ್ತವನು ಆಲ್ಡನ್. ಈಗ ನನ್ನ ಮುಖ ನೋಡಲಾಗದೆ ಸೂರು ನೋಡುತ್ತ ಕೈ ಎತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು.

"ಸರಿ, ಇಲ್ಲಿಗೆ ಸಭೆ..." ಎಂದಳು ಈನಿಡ್.

"ತಡಿ," ಎಂದು ನಾನು ಮತ್ತೆ ಎದ್ದೆ. "ನೀರು ತುಂಬಿದ ಫೈರ್ ಎಂಜಿನ್ ಎಷ್ಟು ಟನ್ನು?"

ಈನಿಡ್ ಮುಂದಿದ್ದ ಕಾಗದಗಳನ್ನು ತಿರುವಿಹಾಕಿದಳು.

"ನಿಮಗೆಲ್ಲಿ ಗೊತ್ತಿರತ್ತೆ, ಓಡ್ಸೋನು ಹಾಲು ಕರೀತಿದಾನೆ. ಹದಿನೆಂಟು. ಹಳ್ಳದಾಚೆ ಹನ್ನೆರಡು ಮನೆ ಇವೆ. ರಾಯ್ಸ್, ನಿನ್ ಮನೆ ಹತ್ಕೊಂಡ್ರೆ ನನ್ ಗಂಡ ನಿನ್ ಬೋರ್ಡಿನ ಪಕ್ಕ ಗಾಡಿ ನಿಲ್ಲಿಸ್ಕೊಂಡು ಚಳಿ ಕಾಯಿಸ್ಕೊಳ್ತಾನೆ."

"ಏನು, ಹೆದರಿಸ್ತೀಯಾ?" ರಾಯ್ಸ್ ಕೆಂಪಾದ.

"ನೀನೇ ಮಾಡಿದ ಕಾನೂನು ಕಣಪ್ಪಾ, ನಂದಲ್ಲ."

ಪರ ಕೈ ಎತ್ತಿದವರು ಯಾರಾದರೂ ಕೇಳಿದರೆ ಮಾತ್ರ ಇನ್ನೊಮ್ಮೆ ಮತ ಹಾಕಬಹುದು ಎಂದು ಈನಿಡ್ ಸಣ್ಣ ದನಿಯಲ್ಲಿ ಹೇಳಿದಳು. ಎದ್ದವಳು ರಾಯ್ಸ್‌ನ ಹೆಂಡತಿ ಲೋರ್ನಾ.

"ನಾನು ಕೇಳ್ತೀನಿ."

"ಲೋರ್ನಾ, ಕೂತ್ಕೋ!"

"ನೀನು ಬಾಯಿ ಮುಚ್ಚು. ನಮ್ಮನೆ ಒಲೆಯ ಹೊಗೆ ಕೊಳವೆಗೆ ಎರಡು ಸಲ ಬೆಂಕಿ ಬಿದ್ದಿದ್ದು ಮರ್ತೋಯ್ತಾ?"

ಎರಡನೆಯ ಸಲ ಬೋರ್ಡಿನ ಪರ ಬರೀ ಒಂಬತ್ತು ಕೈ. ರಿಪೇರಿ ಗೆದ್ದಿತು. ಹಾರ್ಲನ್ ಹಲ್ಲು ಬಿಡುತ್ತ ಬಂದ. "ಒಳ್ಳೇದಾಯ್ತು ನೋಡು, ಆಲ್ಡನ್‌ಗೆ ಹೇಳು" ಎಂದು ಕೈ ಚಾಚಿದ. ನನ್ನ ಕೈಯನ್ನು ಕೋಟಿನ ಜೇಬಿನೊಳಗೆ ಇಟ್ಟುಕೊಂಡೆ. ನಮ್ಮ ಹಸುಗಳಿಗಾಗಿ ಒಬ್ಬನೂ ಮನಸ್ಸು ಬದಲಿಸಲಿಲ್ಲ. ಬದಲಿಸಿದ್ದೆಲ್ಲ ತಂತಮ್ಮ ಸೂರಿಗಾಗಿ. ಥೂ.

ಕೊಟ್ಟಿಗೆಗೆ ಬಂದರೆ ಆಲ್ಡನ್ ಕುಕ್ಕರಗಾಲಲ್ಲಿ ಕೂತು ಕೆಚ್ಚಲು ಒರೆಸುತ್ತಿದ್ದ.

"ಏನಾಯ್ತು?"

"ಟ್ಯಾಂಕರು ಬರತ್ತೆ."

ಮುಖ ಅರಳಿತು. "ನಾನು ಹೇಳ್ಲಿಲ್ವಾ? ನಮ್ಮವರು ಕಣೇ!"

ಅಲ್ಲಿಗೇ ಬಿಡಬಹುದಿತ್ತು. ಬಿಡಲಾಗಲಿಲ್ಲ. ಮೂವತ್ತೆಂಟು ಕೈ, ಫೈರ್ ಎಂಜಿನ್, ಲೋರ್ನಾ, ಎಲ್ಲ ಒಂದೇ ಉಸಿರಿಗೆ ಒದರಿದೆ. ಅವನು ಒರೆಸಿದ ಕೆಚ್ಚಲನ್ನೇ ಮತ್ತೆ ಒರೆಸಿದ.

"ಹಾರ್ಲನ್ನೂ ಎತ್ತಿದ್ನಾ?"

"ಮೊದಲು ಎತ್ತಿದ್ದೇ ಅವನು."

ಅವನು ಮುಂದಿನ ಹಸುವಿಗೆ ಹೋದ. ಎಲ್ಲ ಮುಗಿದು ಯಂತ್ರ ತೊಳೆದಿಟ್ಟ ಮೇಲೆ ಅಭ್ಯಾಸಬಲದಿಂದ ಸಭಾಭವನಕ್ಕೆಂದು ಪಿಕಪ್ಪಿನ ಕೀಲಿ ತೆಗೆದುಕೊಂಡು ಹೊರಟ. ಬಾಗಿಲ ತನಕ ಹೋಗಿ ನಿಂತ. ಅಲ್ಲಿಂದ ವಾಪಸು ಬಂದು ಕೀಲಿಯನ್ನು ಮೊಳೆಗೆ ತೂಗುಹಾಕಿ, ಕೂತು ಬೂಟು ಕಳಚಿದ.

"ಇವತ್ತು ಕುರ್ಚೀನ ಕೂತವರೇ ಮಡಚ್ಕೊಳ್ಳಲಿ," ಎಂದ.