ಒಬ್ಬ ಹುಡುಗಿಗೆ ಮೂರು ಫಾರಂ

ಶ್ಯಾಮಲ ಹಸುವಿನ ಕೆಚ್ಚಲು ತೊಳೆದು ಇನ್ನೇನು ಹಾಲು ಕರೆಯಲು ಕೂತಿದ್ದಳು. ಬೇತಮಂಗಲದ ಹತ್ತಿರದ ಆ ಹಳ್ಳಿಯಲ್ಲಿ ಏಳೂವರೆಗೆಲ್ಲ ಡೈರಿ ಬಾಗಿಲು ಹಾಕಿಬಿಡುತ್ತದೆ. ಆಮೇಲೆ ಹಾಲು ಹೊತ್ತು ಹೋದವರಿಗೆ ಸೆಕ್ರೆಟರಿಯ ಬೈಗುಳ ಮಾತ್ರ ಸಿಗುತ್ತದೆ. ಅಷ್ಟರಲ್ಲಿ ಅಂಗಳದಲ್ಲಿ ಸ್ಕೂಟರಿನ ಹಾರನ್ನು ಕೂಗಿತು. ಹಸು ಬೆಚ್ಚಿ ಕಾಲೆತ್ತಿತು. ಬಕೆಟ್ಟು ಒಂದು ಕಡೆ, ಶ್ಯಾಮಲ ಇನ್ನೊಂದು ಕಡೆ.

“ಯಾರದು, ಒತ್ತಾರೆಗೇ ಪೀಪಿ ಊದೋರು?” ಎಂದು ಕೊಟ್ಟಿಗೆಯ ಮೂಲೆಯಿಂದ ಮಾವ ಮುನಿಸ್ವಾಮಪ್ಪ ಗದರಿದರು.

ಬಂದವರು ಹೈಸ್ಕೂಲಿನ ಕಲ್ಪನ ಮಿಸ್ಸು. ದಿನಾ ಚಾಂಪಿಯನ್ ರೀಫ್ಸಿನಿಂದ ಸ್ಕೂಟರಿನಲ್ಲಿ ಬರುವವರು, ಇಂದು ಸ್ಕೂಲಿಗೆ ಹೋಗುವ ಮೊದಲೇ ಇಲ್ಲಿಗೆ ಬಂದಿದ್ದರು. ಕೈಯಲ್ಲಿ ಮೂರು ಕಾಗದ.

“ಶ್ಯಾಮಲಕ್ಕ, ನಿಮ್ಮ ಮನೇಲಿ ಒಂಬತ್ತನೇ ಕ್ಲಾಸಿನ ಮಕ್ಕಳು ಎಷ್ಟು ಜನ?”

“ಒಬ್ಳೇ ಮಿಸ್, ಲಿಖಿತ. ನಿಮಗೇ ಗೊತ್ತಲ್ಲ?”

“ನನಗೆ ಗೊತ್ತು. ನಿಮ್ಮನೆಯವರಿಗೆ ಗೊತ್ತಿದೆಯಾ ಅಂತ ಕೇಳೋಕೆ ಬಂದೆ. ಒಬ್ಬಳ ಹೆಸರಿಗೆ ಮೂರು ಫಾರಂ ಬಂದಿವೆ. ಒಂದೊಂದರಲ್ಲಿ ಒಂದೊಂದು ಕೋರ್ಸು!”

ವಿಷಯ ಇಷ್ಟೇ. ಆ ವರ್ಷ ಸ್ಕೂಲಿನಲ್ಲಿ ಎಂಟು, ಒಂಬತ್ತನೇ ಕ್ಲಾಸಿನವರಿಗೆ ಪುಟ್ಟ ಪುಟ್ಟ ಕೋರ್ಸು ಇಟ್ಟಿದ್ದರು. ಆರು ಶನಿವಾರ, ಬೆಳಗಿನ ಸ್ಕೂಲು ಬಿಟ್ಟ ಮೇಲೆ ಎರಡೆರಡು ಗಂಟೆ. ಹೊಲಿಗೆ ಇತ್ತು, ಹೈನುಗಾರಿಕೆ ಇತ್ತು, ಕಂಪ್ಯೂಟರ್, ಪ್ರಥಮ ಚಿಕಿತ್ಸೆ, ಮನೆಯ ಕರೆಂಟು ಸಾಮಾನಿನ ರಿಪೇರಿಯೂ ಇತ್ತು. ಮಗು ಒಂದನ್ನು ಆರಿಸಿಕೊಳ್ಳಬೇಕು, ದೊಡ್ಡವರು ಸಹಿ ಹಾಕಬೇಕು. ಹೆಸರು ಕೊಡಲು ಇಂದೇ ಕಡೆಯ ದಿನ. ಇಂದು ತಪ್ಪಿದರೆ ಲಿಖಿತಳಿಗೆ ಈ ವರ್ಷ ಯಾವುದೂ ಇಲ್ಲ. ಮುಂದಿನ ವರ್ಷವಂತೂ ಹತ್ತನೇ ಕ್ಲಾಸು.

ಶ್ಯಾಮಲಳ ಮುಖ ಬಿಸಿಯಾಯಿತು. ಹೊಲಿಗೆಯ ಫಾರಂ ಅವಳದೇ. ಭಾನುವಾರ ಲಿಖಿತ ಖಾಲಿ ಫಾರಂ ಹಿಡಿದುಕೊಂಡು, “ಅಮ್ಮ, ಒಂದ್ ಮಾತು ಕೇಳ್ಲಾ?” ಎಂದು ಬಂದಿದ್ದಳು. “ಮೊದ್ಲು ಸಗಣಿ ಬಾಚು, ಆಮೇಲೆ ಮಾತು” ಎಂದಿದ್ದಳು ಶ್ಯಾಮಲ. ಮಗಳು ಸಗಣಿ ಬಾಚಿ ಬರುವಷ್ಟರಲ್ಲಿ ಅಮ್ಮ ‘ಹೊಲಿಗೆ’ ಎಂದು ಬರೆದು ಸಹಿಯನ್ನೂ ಹಾಕಿ ಮುಗಿಸಿದ್ದಳು.

“ನನ್ನದೊಂದು ಸರಿ. ಮಿಕ್ಕವು ಎಲ್ಲಿಂದ ಬಂದವು ಮಿಸ್?”

“ಸೋಮವಾರ ತಾತ ಬಂದು, ಫಾರಂ ಹಸು ತಿಂದ್ಬಿಡ್ತು, ಇನ್ನೊಂದು ಕೊಡಿ ಅಂದರು. ಮಂಗಳವಾರ ಲಿಖಿತಳ ಅಪ್ಪ ಬಂದು, ಫಾರಂ ಎಮ್ಮೆ ತಿಂದ್ಬಿಡ್ತು ಅಂದರು. ನಿಮ್ಮನೇಲಿ ಎಮ್ಮೆ ಇದೆಯಾ?”

“ನಮ್ಮ ಬೀದಿಯಲ್ಲೇ ಇಲ್ಲ.”

ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಹಿತ್ತಲಿನಿಂದ ಬಂದ ಗಂಡ ಶ್ರೀಧರ್ ಅಲ್ಲೇ ನಿಂತ. ಬಂಗಾರಪೇಟೆಗೆ ಬೈಕಿನಲ್ಲಿ ಹೋಗಿ, ಅಲ್ಲಿಂದ ರೈಲು ಹಿಡಿದು ಫ್ಯಾಕ್ಟರಿಗೆ ಹೋಗುವವನು. ಎಮ್ಮೆಯ ಮಾತು ಕೇಳಿ ನೊರೆ ನುಂಗಿಬಿಟ್ಟ.

“ಕಂಪ್ಯೂಟರ್ ಕಲಿತರೆ ಒಳ್ಳೇದಲ್ವಾ ಅಂತ…” ಎಂದ.

ಮುನಿಸ್ವಾಮಪ್ಪನವರಿಗೆ ನಾಚಿಕೆ ಎಂಬುದು ಬರಲೇ ಇಲ್ಲ. “ಐನುಗಾರಿಕೆ ನಂದೇ. ಮನೇಲಿ ಅಸು ಐತೆ, ಅಸೀದೇ ಕಲೀಲಿ. ಇನ್ನೊಂದ್ ಮಾತು ಮೇಡಮ್ಮ, ಈ ಕೋರ್ಸು ತಗಂಡ್ರೆ ಮುಂದಕ್ಕೆ ಜೀವಮಾನ ಪೂರ್ತಿ ಅದೇ ಕೆಲಸ ಮಾಡ್ಬೇಕಂತಲ್ಲ? ಸರ್ಕಾರದೋರು ಬರಕಂಡ್ಬಿಡ್ತಾರಂತೆ. ಡೈರಿತಾವ ಏಳ್ತಿದ್ರು.”

ಮಿಸ್ಸು ನಕ್ಕರು. “ತಾತ, ನೀವು ಹಸು ತರೋಕೆ ಸಂತೆಗೆ ಹೋದರೆ ಏನು ಮಾಡ್ತೀರಿ?”

“ಅಲ್ಲು ನೋಡ್ತೀನಿ. ಕೆಚ್ಚಲು ನೋಡ್ತೀನಿ. ನಾಕೆಜ್ಜೆ ನಡೆಸ್ತೀನಿ.”

“ಹಲ್ಲು ನೋಡಿದ ಹಸುಗಳನ್ನೆಲ್ಲ ಮನೆಗೆ ಹೊಡ್ಕೊಂಡು ಬರ್ತೀರಾ?”

“ಯಾವ ಬುದ್ಧಿವಂತ ಅಂಗ್ ಮಾಡ್ತಾನೆ?”

“ಇದೂ ಹಂಗೇ. ಆರು ವಾರ ಹಲ್ಲು ನೋಡೋದು. ಹಿಡಿಸಿದರೆ ಮುಂದೆ ಕಲೀತಾಳೆ. ಹಿಡಿಸದಿದ್ದರೆ, ಇದು ನನಗಲ್ಲ ಅಂತ ಈಗಲೇ ಗೊತ್ತಾಗತ್ತಲ್ಲ, ಅದೂ ಲಾಭಾನೇ. ಹಲ್ಲು ನೋಡದೇ ಕೊಂಡವರ ಗತಿ ನಿಮಗೇ ಗೊತ್ತು.”

ಮನೆಯವರು ಮೂವರೂ ಒಟ್ಟಿಗೆ ಹಸುವಿನ ಕಡೆ ನೋಡಿದರು. ಒದೆಯುವ ಆ ಹಸುವನ್ನು ಮುನಿಸ್ವಾಮಪ್ಪ ತಂದದ್ದು ಹೇಗೆಂದು ಊರಿಗೇ ಗೊತ್ತಿತ್ತು. ಅವರು ಕೆಮ್ಮಿ ಮುಖ ಆ ಕಡೆ ತಿರುಗಿಸಿದರು.

“ಮಾರ್ಕ್ಸು ಕಮ್ಮಿಯಾದ್ರೆ?” ಎಂದು ಶ್ರೀಧರ್ ಕೇಳಿದ.

“ಪಾಠದ ಹೊತ್ತಿನಲ್ಲಿ ಇದನ್ನ ಇಟ್ಟಿಲ್ಲ. ಪರೀಕ್ಷೆ ಇಲ್ಲ, ಫೀಸೂ ಇಲ್ಲ. ಕೈಯಲ್ಲಿ ಮಾಡಿ ನೋಡಿದ್ದು ಪುಸ್ತಕದಲ್ಲಿ ಬಂದಾಗ ಬೇಗ ತಲೆಗೆ ಹತ್ತುತ್ತೆ. ಈಗ ಹೇಳಿ, ಮೂರರಲ್ಲಿ ಯಾವುದನ್ನ ಇಟ್ಕೊಳ್ಳಲಿ?”

“ಹೊಲಿಗೆ.” “ಕಂಪ್ಯೂಟರ್.” “ಐನು.”

ಲಿಖಿತ ಮಾತ್ರ ಬಾಗಿಲಲ್ಲಿ ನಿಂತು ಬಾಯಿ ತೆರೆದಳು, ಮುಚ್ಚಿದಳು.

“ಇರಿ, ಮೊದ್ಲು ಅಸೀಗೆ ಮೇವು ಆಕಾನ. ಒಟ್ಟೆ ತುಂಬಿದ್ರೆ ಆಲು ಬಿಡ್ತದೆ” ಎಂದು ಮುನಿಸ್ವಾಮಪ್ಪ ಮೇವು ಕತ್ತರಿಸುವ ಮಿಷಿನ್ನಿನ ಸ್ವಿಚ್ಚು ಹಾಕಿದರು. ಮಿಷಿನ್ನು ‘ಗುಂಯ್’ ಎಂದಿತೇ ಹೊರತು ಚಕ್ರ ತಿರುಗಲಿಲ್ಲ. ಆಯುಧ ಪೂಜೆ ಆದಾಗಿನಿಂದ ಇದೇ ಪಾಡು. ಆ ದಿನ ಕುಂಬಳಕಾಯಿಯನ್ನು ಮಗನ ಬೈಕಿಗೆ ಒಡೆದು, ಮಿಷಿನ್ನಿಗೆ ಬರೀ ನಿಂಬೆಹಣ್ಣು ಇಟ್ಟಿದ್ದರಂತೆ. ಅದಕ್ಕೇ ಮಿಷಿನ್ನು ಮುನಿಸಿಕೊಂಡಿದೆ ಎಂಬುದು ಮುನಿಸ್ವಾಮಪ್ಪನವರ ಗಟ್ಟಿ ನಂಬಿಕೆ. ದಿನಾ ಬೆಳಗ್ಗೆ ವಿಭೂತಿ ಹಚ್ಚಿ, “ಏಳಪ್ಪಾ, ಮುಂದಿನ ವರ್ಷ ಎರಡು ಕಾಯಿ” ಎಂದು ರಮಿಸಿ, ಒನಕೆಯಿಂದ ಚಕ್ರ ತಳ್ಳುತ್ತಿದ್ದರು. ಆಗ ಅದು ತಿರುಗುತ್ತಿತ್ತು.

ಇಂದು ಅವರು ಸೀಮೆ ಹುಲ್ಲಿನ ಕಂತೆಯನ್ನು ಮಿಷಿನ್ನಿನ ಬಾಯಿಗೆ ಕೊಟ್ಟು ನಿಂತಿದ್ದರು. “ಲೋ ಶ್ರೀಧರ, ನೀನೇ ತಳ್ಳಲಾ ಒಸಿ” ಎಂದರು. ರೈಲಿಗೆ ಹೊತ್ತಾಗುತ್ತಿದ್ದ ಶ್ರೀಧರ್ ಅವಸರದಲ್ಲಿ ಆ ಕಡೆಯಿಂದ ತಳ್ಳುವ ಬದಲು ಈ ಕಡೆಯಿಂದ ತಳ್ಳಿಬಿಟ್ಟ.

ಚಕ್ರ ತಿರುಗಿತು, ಉಲ್ಟಾ.

ಒಳಗೆ ಹೋಗಬೇಕಾದ ಹುಲ್ಲು ಬಾಯಿಂದ ರಪರಪನೆ ವಾಪಸು ಬಂತು. ಮುನಿಸ್ವಾಮಪ್ಪನವರ ಎದೆಗೆ ಬಡಿಯಿತು, ತಲೆಯ ಟವೆಲ್ಲಿನ ಮೇಲೆ ಕೂತಿತು, ಮೀಸೆಯಲ್ಲಿ ನೇತಾಡಿತು. ಮೇವು ತಾನಾಗಿ ನಡೆದು ಬಂದದ್ದನ್ನು ಕಂಡ ಹಸು ಕತ್ತು ಚಾಚಿ ತಾತನ ಭುಜದ ಮೇಲಿನದನ್ನು ಮೇಯತೊಡಗಿತು.

“ಅಯ್ಯೋ, ಬಾಯಿಂದ ಕಕ್ತಾ ಐತೆ! ಮಿಷಿನ್‌ಗೆ ದೃಷ್ಟಿ ಆಗೈತೆ!”

ಮಿಸ್ಸಿಗೆ ನಗು ತಡೆಯಲಾಗಲಿಲ್ಲ. ಶ್ಯಾಮಲಳಿಗೂ ನಗು ಬಂದಿತ್ತು. ಆದರೆ ಮಾವನ ಕೈ ಮಿಷಿನ್ನಿನ ಬಾಯಿಂದ ಒಂದೇ ಗೇಣು ದೂರದಲ್ಲಿದ್ದದ್ದು ಕಣ್ಣಿಗೆ ಬಿದ್ದೊಡನೆ ನಗು ನಿಂತಿತು. ಚಕ್ರ ಸರಿಯಾದ ಕಡೆಗೆ ತಿರುಗುವ ದಿನಗಳಲ್ಲೂ ಆ ಕೈ ಅಲ್ಲೇ ಇರುತ್ತಿತ್ತಲ್ಲ! ಅವಳು ಓಡಿಹೋಗಿ ಸ್ವಿಚ್ಚು ಆರಿಸಿದಳು. ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನೂ ಇಳಿಸಿದಳು.

ಚಕ್ರ ನಿಂತಿತು. ಶ್ಯಾಮಲ ಮಗಳ ಮುಖ ನೋಡಿದಳು. ಲಿಖಿತ ತಾತನನ್ನು ನೋಡುತ್ತಿರಲಿಲ್ಲ, ಹಸುವನ್ನೂ ನೋಡುತ್ತಿರಲಿಲ್ಲ. ಕಣ್ಣು ಮಿಟುಕಿಸದೆ ಚಕ್ರವನ್ನೇ ನೋಡುತ್ತಿದ್ದಳು. ಹಸಿವಾದ ಮಗು ತಟ್ಟೆ ನೋಡುವ ಹಾಗೆ.

‘ಭಾನುವಾರ ಕೇಳಬೇಕು ಅಂತಿದ್ದದ್ದು ಇದನ್ನೇ ಏನೋ’ ಎನಿಸಿತು ಶ್ಯಾಮಲಳಿಗೆ.

“ಮಿಸ್, ಆ ಮೂರು ಫಾರಮ್ಮನ್ನೂ ಕೊಡಿ” ಎಂದಳು. ಇಸಿದುಕೊಂಡು ನೇರವಾಗಿ ಹಸುವಿನ ಮುಂದೆ ಹಿಡಿದಳು. ಹಸು ಮೂಸಿ ನೋಡಿ, ನಿಧಾನವಾಗಿ ಮೂರನ್ನೂ ಅಗಿಯಿತು. “ನೋಡಿ ಮಾವ, ಈಗ ನಿಮ್ಮ ಮಾತು ನಿಜ ಆಯ್ತು. ಮಿಸ್, ಒಂದು ಖಾಲಿ ಫಾರಂ ಕೊಡಿ. ಲಿಖಿ, ಬಾ ಇಲ್ಲಿ. ನಿಂಗೆ ಏನು ಬೇಕೋ ನೀನೇ ಬರಿ.”

ಮಿಸ್ಸು ಬ್ಯಾಗಿನಿಂದ ತೆಗೆದುಕೊಟ್ಟ ಕಾಗದವನ್ನು ಲಿಖಿತ ಹಾಲಿನ ಕ್ಯಾನಿನ ಮೇಲೆ ಇಟ್ಟು, ‘ಮನೆಯ ಕರೆಂಟು ಸಾಮಾನಿನ ರಿಪೇರಿ’ ಎಂದು ದುಂಡಗೆ ಬರೆದಳು.

“ಎಣ್ಮಗೀಗೆ ಕರೆಂಟಾ?” ಮುನಿಸ್ವಾಮಪ್ಪ ಮೀಸೆಯ ಹುಲ್ಲು ಕೀಳುತ್ತ ಕೇಳಿದರು. “ಶಾಕ್ ಒಡೆದ್ರೆ?”

“ಮೊದಲ ಶನಿವಾರ ಕಲಿಸೋದೇ ಏನನ್ನ ಮುಟ್ಟಬಾರದು, ಯಾವಾಗ ಮೇನು ಇಳಿಸಬೇಕು ಅಂತ” ಎಂದರು ಮಿಸ್ಸು. “ಕಲಿಸೋಕೆ ಗೊತ್ತಿರೋ ಮೇಷ್ಟ್ರು ಪಕ್ಕದಲ್ಲೇ ಇರ್ತಾರೆ. ಕಲಿಯದೇ ಒನಕೆ ಹಿಡಿದು ನಿಲ್ಲೋದಕ್ಕಿಂತ ಕಲಿತು ನಿಲ್ಲೋದು ವಾಸಿ ಅಲ್ವಾ ತಾತ?”

ತಾತ ಒನಕೆಯನ್ನು ನೋಡಿದರು. ತಮ್ಮ ಕೈಯನ್ನು ನೋಡಿಕೊಂಡರು. “ಪೆನ್ನು ಕೊಡಮ್ಮಣ್ಣಿ” ಎಂದರು. “ಸಹಿ ನಾನೇ ಆಕ್ತೀನಿ. ಈ ಮಿಷಿನ್ನು ಒಬ್ಬ ಮೆಕ್ಯಾನಿಕ್ ಬಂದು ನೋಡೋಗಂಟ ಯಾರೂ ಮುಟ್ಟಂಗಿಲ್ಲ, ನನ್ನೂ ಸೇರಿಸಿ.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳ ಸ್ಕೂಲಿನಲ್ಲೂ ಇಂಥ ಪುಟ್ಟ ಕೋರ್ಸುಗಳಿವೆಯೇ ಎಂದು ಒಮ್ಮೆ ಹೋಗಿ ವಿಚಾರಿಸಿ. ಇಲ್ಲದಿದ್ದರೆ, ಇಡಿ ಎಂದು ನಾಲ್ಕು ಜನ ಸೇರಿ ಕೇಳಿ. ಫಾರಂ ಮನೆಗೆ ಬಂದ ದಿನ ಪೆನ್ನು ನಿಮ್ಮ ಕೈಗೆ ತೆಗೆದುಕೊಳ್ಳಬೇಡಿ. ಮಗು ‘ಒಂದ್ ಮಾತು ಕೇಳ್ಲಾ’ ಎಂದರೆ ಸಗಣಿ ಹಾಗೇ ಬಿದ್ದಿರಲಿ, ಅದೆಲ್ಲಿಗೂ ಓಡಿಹೋಗುವುದಿಲ್ಲ. ಪಾತ್ರೆಯೂ ಅಷ್ಟೇ. ಕೂತು ಕೇಳಿ.

ಶ್ಯಾಮಲ ಅಂದು ಡೈರಿಗೆ ತಡವಾಗಿ ಹೋದಳು, ಬೈಸಿಕೊಂಡಳು. ಅದಕ್ಕೆ ಕಾರಣವಿತ್ತು. ಮಿಸ್ಸು ಫಾರಂ ಮಡಿಸಿ ಸ್ಕೂಟರ್ ಹತ್ತುವ ಹೊತ್ತಿಗೆ ಲಿಖಿತ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡಿದ್ದಳು. ಬಾಯಿ ತೆರೆದಳು, ಮುಚ್ಚಿದಳು, ಅಮ್ಮನ ಕಡೆ ತಿರುಗಿದಳು. ಶ್ಯಾಮಲ ಬಕೆಟ್ಟು ಕೆಳಗಿಟ್ಟು, “ಕೇಳು” ಎಂದಳು.

“ಮಿಸ್, ತಾತ ತಳ್ಳಿದರೆ ತಾತನ ಕಡೆ ತಿರುಗುತ್ತೆ, ಅಪ್ಪ ತಳ್ಳಿದರೆ ಅಪ್ಪನ ಕಡೆ ತಿರುಗುತ್ತೆ. ಯಾರೂ ತಳ್ಳದೇ ಅದು ತಾನಾಗೇ ತಿರುಗಬೇಕು ಅಂದರೆ, ಅದರೊಳಗೆ ಏನಿರಬೇಕು ಮಿಸ್?”