ದಿಣ್ಣೆಯ ಮೇಲಿನ ಉಪ್ಪುಗುಂಡಿ

ಅಮೆರಿಕದ ಓಝಾರ್ಕ್ ಗುಡ್ಡಗಳಲ್ಲಿ ಜುಲೈ ತಿಂಗಳ ಸೆಕೆ ಸಂಜೆಯಾದರೂ ಇಳಿಯುವಂಥದ್ದಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬಂದ ಲವೀನಾ ಹೋಬ್ಸನ್ ಜಗಲಿಯ ಮೆಟ್ಟಿಲ ಮೇಲೆ ಬೂಟು ಬಿಚ್ಚದೆಯೇ ಕೂತಳು. ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಳಗೆ ಗಂಡ ರಾಯ್ಸ್ ಕೆಮ್ಮುತ್ತಿದ್ದ. ಕೆಮ್ಮು ನಿಂತ ಮೇಲೆ, ಅವಳು ಎಣಿಸಿದ್ದ ಹಾಗೆಯೇ, ಕೇಳಿದ:

"ದಿಣ್ಣೆಗೆ ಉಪ್ಪು ಹೋಯ್ತಾ?"

"ಹೋಗ್ತೀನಿ" ಅಂದಳು.

ಅಂಗಳದಲ್ಲಿ ಮೇವಿನ ಅಂಗಡಿಯಿಂದ ತಂದ ಉಪ್ಪಿನ ಗಟ್ಟಿ ಬಿದ್ದಿತ್ತು. ಇಟ್ಟಿಗೆಯ ಬಣ್ಣದ, ಖನಿಜ ಬೆರೆಸಿದ ಗಟ್ಟಿ. ದನಗಳಿಗೆಂದು ಮಾಡಿದ್ದಾದರೂ ಆ ಕಣಿವೆಯಲ್ಲಿ ಅದನ್ನು ದನಕ್ಕೆ ಕೊಂಡವರಿಗಿಂತ ಜಿಂಕೆಗೆ ಕೊಂಡವರೇ ಹೆಚ್ಚು. ರಾಯ್ಸನ ಅಪ್ಪ ಒಂದು ಕಾಲದಲ್ಲಿ ದಿಣ್ಣೆಯ ಮೇಲೆ ಓಕ್ ಮರದ ಬೊಡ್ಡೆಯೊಂದರ ಮೇಲೆ ಉಪ್ಪು ಇಡಲು ಶುರುಮಾಡಿದ್ದ. ಮಳೆಗೆ ಉಪ್ಪು ಕರಗಿ ಬೊಡ್ಡೆಗೆ ಇಳಿಯಿತು. ಜಿಂಕೆಗಳು ಬೊಡ್ಡೆಯನ್ನೇ ಕಡಿದು ತಿಂದವು, ಆಮೇಲೆ ಬೇರು ತಿಂದವು, ಆಮೇಲೆ ಮಣ್ಣು. ಈಗ ಅಲ್ಲಿ ಮೊಣಕಾಲುದ್ದದ ಗುಂಡಿ. ಬೇಸಿಗೆಯಲ್ಲಿ ಉಪ್ಪಿನ ರುಚಿ ಹತ್ತಿದ ಜಿಂಕೆ ಬೇಟೆಯ ತಿಂಗಳಾದ ನವೆಂಬರಿನಲ್ಲೂ ಆ ಜಾಡು ಬಿಡುವುದಿಲ್ಲ. ಗುಂಡಿಯ ಎದುರಿನ ಮರಕ್ಕೆ ಕಟ್ಟಿದ ಅಟ್ಟಣೆಯಲ್ಲಿ ರಾಯ್ಸ್ ಮತ್ತು ಅವನ ಅಣ್ಣ ಹರ್ಷೆಲ್ ವರ್ಷಾ ವರ್ಷಾ ಕೋವಿ ಹಿಡಿದು ಕೂರುತ್ತಿದ್ದರು.

ಸೀಸದ ಗಣಿಯಲ್ಲಿ ದುಡಿದು ದುಡಿದು ರಾಯ್ಸನ ಶ್ವಾಸಕೋಶ ಕೈಕೊಟ್ಟಿತು. ಮೂಗಿಗೆ ಆಕ್ಸಿಜನ್ ನಳಿಕೆ ಬಂತು. ಅಲ್ಲಿಂದ ಉಪ್ಪು ಹೊರುವ ಕೆಲಸ ಲವೀನಾಳ ಪಾಲಿಗೆ ಬಿತ್ತು. ಹೊರುತ್ತೀಯಾ ಎಂದು ಯಾರೂ ಕೇಳಲಿಲ್ಲ, ಒಲ್ಲೆ ಎಂದು ಅವಳೂ ಹೇಳಲಿಲ್ಲ. ಮನೆಯ ಎಷ್ಟೋ ಕೆಲಸ ಅವಳ ಹೆಗಲಿಗೆ ಬಂದದ್ದು ಹಾಗೆಯೇ.

ಗಟ್ಟಿಯನ್ನು ಎದೆಗೆ ಒತ್ತಿ ಎತ್ತಿ ಕಾಡುದಾರಿಯ ಪುಟ್ಟ ಮೋಟಾರು ಗಾಡಿಗೆ ಹಾಕಿದಳು. ದಿಣ್ಣೆ ಹತ್ತಿ ಗಾಡಿ ನಿಲ್ಲಿಸಿದಾಗ ಗುಂಡಿಯಲ್ಲಿ ಒಂದು ಹೆಣ್ಣು ಜಿಂಕೆ ನಿಂತಿತ್ತು. ಗಾಡಿಯ ಸದ್ದಿಗೆ ಅದು ಬಾಲ ಎತ್ತಿ ಹಾರಿಹೋಗಬೇಕಿತ್ತು. ಹೋಗಲಿಲ್ಲ. ಲವೀನಾ ಕೈ ತಟ್ಟಿದಳು. ಜಿಂಕೆ ತಲೆ ಎತ್ತಿ ಅವಳ ಕಡೆ ನೋಡಿತು, ಆದರೆ ಅವಳನ್ನು ಕಂಡಂತಿರಲಿಲ್ಲ. ಕಾಲು ಅಗಲಿಸಿಕೊಂಡು ನಿಂತಿತ್ತು, ಕಿವಿ ಜೋತುಬಿದ್ದಿದ್ದವು. ಪಕ್ಕೆಲುಬುಗಳ ಮೇಲೆ ಚರ್ಮ ಒದ್ದೆ ಬಟ್ಟೆಯ ಹಾಗೆ ಅಂಟಿತ್ತು. ಬಾಯಿಂದ ಜೊಲ್ಲು ದಾರದಂತೆ ಇಳಿದು ಮಣ್ಣಿಗೆ ಮುಟ್ಟುತ್ತಿತ್ತು.

ಅದು ಮತ್ತೆ ತಲೆ ಬಗ್ಗಿಸಿ ನೆಕ್ಕಿತು. ಕೊನೆಗೆ ತೂರಾಡುತ್ತ ನಾಲ್ಕು ಹೆಜ್ಜೆ ಸರಿದು ಜರಿಗಿಡಗಳ ಮಧ್ಯೆ ಮಲಗಿತು. ಅಷ್ಟು ಹೊತ್ತೂ ಮರಗಳ ಅಂಚಿನಲ್ಲಿ ಕಾದಿದ್ದ ಇನ್ನೊಂದು ಜಿಂಕೆ, ಈ ವರ್ಷದ ಮರಿಯ ಜೊತೆ ಮೆಲ್ಲಗೆ ಬಂದು, ಜೊಲ್ಲು ಬಿದ್ದ ಅದೇ ಜಾಗಕ್ಕೆ ನಾಲಿಗೆ ಹಾಕಿತು.

ಲವೀನಾ ಉಪ್ಪಿನ ಗಟ್ಟಿ ಇಳಿಸದೆಯೇ ಗಾಡಿ ತಿರುಗಿಸಿದಳು.

ಊಟಕ್ಕೆ ಬೀನ್ಸ್ ಮತ್ತು ಮೆಕ್ಕೆಜೋಳದ ಬ್ರೆಡ್ ಇಟ್ಟು, ಕಂಡದ್ದನ್ನು ಹೇಳಿದಳು. ಮುದಿ ಜಿಂಕೆ ಇರಬೇಕು, ಹಲ್ಲು ಸವೆದು ಮೇವು ತಿನ್ನಲಾಗದೆ ಸೊರಗಿದೆ ಎಂದ ರಾಯ್ಸ್. ಆಮೇಲೆ, ಸೆಕೆಗೆ ಹಾಗಾಗುತ್ತದೆ ಎಂದ. ಜಿಂಕೆಗಳಿಗೆ ಸೊರಗು ರೋಗ ಬಂದಿದೆ, ಮೊದಲು ಎರಡು ಜಿಲ್ಲೆಯಾಚೆ ಇತ್ತು, ಈಗ ಪಕ್ಕದ ಜಿಲ್ಲೆಗೂ ಹಬ್ಬಿದೆ, ಒಂದೇ ಕಡೆ ನೆಕ್ಕಿದರೆ ಜೊಲ್ಲಿನಿಂದ ಅಂಟುತ್ತದೆ, ಉಪ್ಪು ಹಾಕಬೇಡಿ ಎಂದು ಮೇವಿನ ಅಂಗಡಿಯ ಬಾಗಿಲಿಗೇ ವನ್ಯಜೀವಿ ಇಲಾಖೆಯವರು ಹಾಳೆ ಅಂಟಿಸಿದ್ದರು. ಅದನ್ನು ಇಬ್ಬರೂ ಓದಿದ್ದರು. ಓದಿಯೂ ಗಟ್ಟಿ ಕೊಂಡು ತಂದಿದ್ದರು. ರಾಯ್ಸ್ ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿ ಅತ್ತಿತ್ತ ಆಡಿಸುತ್ತ ಕೂತ.

ಬೆಳಗಾದ ಮೇಲೆ ಅವನೇ ಕೋವಿ ತೆಗೆದ. ನಾನೇ ಬರುತ್ತೇನೆ, ಆ ಪ್ರಾಣಿ ನರಳುವುದು ಬೇಡ ಎಂದ. ಲವೀನಾ ಆಕ್ಸಿಜನ್ನಿನ ಸಣ್ಣ ಸಿಲಿಂಡರನ್ನು ಅವನ ಕಾಲ ಬಳಿ ಇಟ್ಟು ಗಾಡಿ ಹೊಡೆದಳು. ಎಷ್ಟೋ ಕಾಲದ ಮೇಲೆ ದಿಣ್ಣೆ ಹತ್ತಿದವನು ಅಟ್ಟಣೆಯನ್ನೊಮ್ಮೆ ನೋಡಿದ. ಜಿಂಕೆ ಮತ್ತೆ ಗುಂಡಿಯಲ್ಲೇ ಇತ್ತು.

ರಾಯ್ಸ್ ಗಾಡಿಯ ಮುಂಭಾಗಕ್ಕೆ ಕೋವಿ ಆನಿಸಿ ಗುರಿ ಹಿಡಿದ. ಗುರಿ ಹಿಡಿಯಬೇಕಾದರೆ ಉಸಿರು ಕಟ್ಟಬೇಕು. ಅವನು ಕಟ್ಟಿದ ಉಸಿರು ನಿಲ್ಲಲಿಲ್ಲ; ಎದೆ ಸೀಟಿಯ ಹಾಗೆ ಕೂಗಿತು, ಕೋವಿಯ ತುದಿ ಅದುರಿತು. ಮತ್ತೊಮ್ಮೆ ಪ್ರಯತ್ನಿಸಿದ. ಆಮೇಲೆ ಹೆಂಡತಿಯ ಮುಖ ನೋಡದೆ ಕೋವಿಯನ್ನು ಅವಳ ಕಡೆ ಸರಿಸಿದ. ಅವಳು ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಅಳಿಲು ಹೊಡೆದವಳು. ಒಂದೇ ಗುಂಡು ಸಾಕಾಯಿತು.

"ಚೆನ್ನಾಗಿ ಹೊಡ್ದೆ" ಎಂದ ರಾಯ್ಸ್.

ಅವಳು ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಸದ್ದು ಕೇಳಿ ಹರ್ಷೆಲ್ ತನ್ನ ಪಿಕಪ್ಪಿನಲ್ಲಿ ಬಂದ. ಕಣಿವೆಯ ಆಚೆ ಬದಿಯಲ್ಲೇ ಅವನ ಮನೆ. ಸತ್ತ ಜಿಂಕೆಯ ಸುತ್ತ ಕುಂಟುತ್ತ ಒಂದು ಸುತ್ತು ಬಂದವನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

"ಇಲಾಖೆಗೆ ಫೋನ್ ಮಾಡೋ ಯೋಚನೆ ಇದ್ರೆ ಬಿಟ್ಬಿಡಿ" ಅಂದ. "ಅವರು ಬಂದ್ರೆ ಈ ಕಣಿವೇಲಿರೋ ಜಿಂಕೇನೆಲ್ಲ ಗುಡಿಸಿ ಹಾಕ್ತಾರೆ. ನವೆಂಬರ್‌ನಲ್ಲಿ ನಾವು ಅಳಿಲಿಗೆ ಗುರಿ ಇಡ್ಬೇಕು ಅಷ್ಟೆ. ಟ್ರ್ಯಾಕ್ಟರ್ ತರ್ತೀನಿ, ಹೂತ್ಬಿಡೋಣ. ಕಂಡೋರ್ಯಾರು?"

ರಾಯ್ಸ್ ಅಣ್ಣನಿಗೆ ಯಾವತ್ತೂ ಎದುರಾಡಿದವನಲ್ಲ. ನೆಲ ನೋಡುತ್ತ ನಿಂತ.

"ಇದನ್ನೇನೋ ಹೂತ್ಬಿಡ್ತೀಯ, ಹರ್ಷೆಲ್" ಎಂದಳು ಲವೀನಾ. "ಹೋದ ನವೆಂಬರ್‌ನಲ್ಲಿ ಇಲ್ಲೇ ಒಂದು ಹೊಡ್ದೆಯಲ್ಲ, ಅದರ ಮಾಂಸ ಎಲ್ಲೆಲ್ಲಿಗೆ ಹೋಗಿದೆ ಗೊತ್ತಾ? ಚರ್ಚಿನ ಊಟಕ್ಕೆ ಹೋಗಿದೆ. ನಿನ್ನ ಮಗಳ ಫ್ರೀಜರಲ್ಲಿದೆ, ಅವಳು ಮಗೂಗೆ ಹಾಲು ಕುಡಿಸ್ತಿದಾಳೆ. ಅದನ್ನ ಎಲ್ಲಿ ಹೂಳ್ತೀಯ?"

"ಅದು ಚೆನ್ನಾಗೇ ಇತ್ತಲ್ಲ. ದಷ್ಟಪುಷ್ಟವಾಗಿತ್ತು."

"ಇದೂ ಒಂದು ಕಾಲಕ್ಕೆ ಚೆನ್ನಾಗೇ ಇತ್ತು." ಅವಳ ದನಿ ಏರಲಿಲ್ಲ. "ನಾನು ಉಪ್ಪು ಹೊತ್ತೆ, ಬಟ್ಟೆ ಮೂಟೆ ಹೊತ್ತೆ, ಇವನ ಸಿಲಿಂಡರ್ ಹೊತ್ತೆ. ಈ ಗುಟ್ಟನ್ನೂ ಹೊತ್ಕೊಂಡು ಭಾನುವಾರ ಚರ್ಚಲ್ಲಿ ಅವರ ಪಕ್ಕ ಕೂರೋಕೆ ನನ್ ಕೈಲಾಗಲ್ಲ. ದಣಿದುಹೋಗಿದೀನಿ."

ಹರ್ಷೆಲ್ ಪಿಕಪ್ಪಿನ ಬಾಗಿಲನ್ನು ಬಡಿದು ಹೊರಟುಹೋದ. ಲವೀನಾ ಅಲ್ಲಿಂದಲೇ ಫೋನು ಮಾಡಿದಳು.

ಇಲಾಖೆಯಿಂದ ಬಂದವಳು ಬಿಸಿಲಿಗೆ ಮೂಗು ಸುಲಿದ ಒಬ್ಬ ಹೆಂಗಸು. ಹೊಡೆಯುವ ಮೊದಲು ತಿಳಿಸಬೇಕಿತ್ತು ಎಂದು ಮೆತ್ತಗೆ ಹೇಳಿ, ಕೈಗವಸು ತೊಟ್ಟು ತಲೆಯನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡಳು. ಗುಂಡಿಯ ಅಂಚಿನಲ್ಲಿ ನಿಂತು, ಇಲ್ಲಿ ಯಾವಾಗಿನಿಂದ ಉಪ್ಪು ಹಾಕುತ್ತಿದ್ದೀರಿ ಎಂದು ಕೇಳಿದಳು.

"ನಮ್ಮಪ್ಪನ ಕಾಲದಿಂದ" ಎಂದ ರಾಯ್ಸ್. ಹಾಗೆ ಹೇಳುವಾಗ ಅವನ ದನಿಯಲ್ಲಿ ಪ್ರತಿಸಲ ಇರುತ್ತಿದ್ದ ಹೆಮ್ಮೆ ಈ ಸಲ ಇರಲಿಲ್ಲ.

ರೋಗ ಹೌದು ಎಂದು ಕೆಲವು ದಿನಗಳ ಮೇಲೆ ಫೋನು ಬಂತು. ಮನುಷ್ಯರಿಗೆ ಅಂಟಿದ್ದು ಈವರೆಗೆ ಗೊತ್ತಿಲ್ಲ, ಆದರೂ ಅಲ್ಲಿಯ ಮಾಂಸ ತಿನ್ನಬೇಡಿ ಎಂದಳು ಆ ಹೆಂಗಸು. ರೋಗದ ವಿಷ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ; ಗುಂಡಿಯನ್ನು ಕಲ್ಲು ಹಾಕಿ ಮುಚ್ಚಿ ಸುತ್ತ ಬೇಲಿ ಕಟ್ಟಬೇಕು ಎಂದೂ ಹೇಳಿದಳು.

ಆ ವಾರವೆಲ್ಲ ಲವೀನಾ ಕೆಲಸ ಮುಗಿಸಿ, ಮಾಂಸದ ವಿಷಯ ತಿಳಿಸುತ್ತ ಮನೆ ಮನೆ ಹತ್ತಿದಳು. ಪಾದ್ರಿಯ ಹೆಂಡತಿ ಬಿಳಿಚಿಕೊಂಡಳು, ಆದರೂ ಕಾಫಿ ಕೊಟ್ಟಳು. ಚರ್ಚಿನ ಅಡುಗೆಮನೆ ನೋಡಿಕೊಳ್ಳುವ ಮುದುಕಿ ಓಪಲ್, ಬರಗಾಲದ ದಿನಗಳಲ್ಲಿ ತನ್ನಮ್ಮ ಏನೇನು ಬೇಯಿಸಿ ಹಾಕಿದ್ದಳೆಂದು ಗೊತ್ತಾದರೆ ನೀನು ಓಡಿಹೋಗುತ್ತೀಯ ಎಂದು ನಕ್ಕುಬಿಟ್ಟಳು. ಹರ್ಷೆಲನ ಮಗಳು ನಗಲಿಲ್ಲ. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತು ಕೇಳಿದಳು:

"ಆ ಹಾಳೆ ಅಂಟಿಸಿದ್ದು ನಿಮಗೆ ಗೊತ್ತಿತ್ತಾ, ಚಿಕ್ಕಮ್ಮ?"

"ಗೊತ್ತಿತ್ತು."

"ಗೊತ್ತಿದ್ದೂ ಹಾಕಿದ್ರಿ."

"ಹೂಂ."

ಹುಡುಗಿ ಬಾಗಿಲು ಮುಚ್ಚಿದಳು. ಮಾಂಸ ಹೋದ ವರ್ಷದ್ದು, ಹಾಳೆ ಬಂದದ್ದು ಈ ವಸಂತದಲ್ಲಿ ಎಂದು ಲವೀನಾ ಹೇಳಬಹುದಿತ್ತು. ಆದರೆ ಅಲ್ಲಿ ನಿಂತು ಲೆಕ್ಕ ಒಪ್ಪಿಸುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಕಾರಿನಲ್ಲಿ ಕೂತು ಸ್ಟಿಯರಿಂಗಿಗೆ ಹಣೆ ಕೊಟ್ಟು ಸ್ವಲ್ಪ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಉಳಿದ ಮನೆಗಳಿಗೆ ಹೋದಳು.

ಶನಿವಾರ ಅವಳೊಬ್ಬಳೇ ಸಲಿಕೆ ಹಿಡಿದು ದಿಣ್ಣೆಗೆ ಹೋದಳು. ಗುಂಡಿಯ ಮಣ್ಣು ಕಾವಲಿಗೆ ಹತ್ತಿದ ಸೀಕಿನ ಹಾಗೆ ಗಟ್ಟಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಹರ್ಷೆಲ್ ಮುಂದಿನ ಬಕೆಟ್ಟಿನ ತುಂಬ ಜಲ್ಲಿಕಲ್ಲು ಹೇರಿಕೊಂಡು ಬಂದಿದ್ದ. ಅವಳ ಮುಖ ನೋಡಲಿಲ್ಲ. ಕಲ್ಲು ಸುರಿದ, ಹೋಗಿ ಮತ್ತೆ ತಂದ, ಮತ್ತೆ ಸುರಿದ. ಸಂಜೆಯ ತನಕ ಇಬ್ಬರೂ ಸೇರಿ ಬೇಲಿಯ ಕಂಬ ನೆಟ್ಟು ತಂತಿ ಬಿಗಿದರು. ಹೊರಡುವಾಗ ಅವನು ಎಂಜಿನ್ನಿನ ಸದ್ದಿನ ಮಧ್ಯೆ, ಮಗಳು ಎಲ್ಲ ಮಾಂಸ ಎಸೆದಳು, ಮಗು ಗುಂಡಗೆ ಚೆನ್ನಾಗಿದೆ ಎಂದಷ್ಟೇ ಹೇಳಿದ.

ಬೇಲಿ ಕಟ್ಟಿದ ಮೇಲೂ ಜಿಂಕೆಗಳು ಬರುವುದನ್ನು ಬಿಡಲಿಲ್ಲ. ತಂತಿಗೆ ಮೂತಿ ಒತ್ತಿ ನಿಲ್ಲುತ್ತಿದ್ದವು; ಹೊರಗಿನ ನೆಲವನ್ನು ಗೊರಸಿನಿಂದ ಕೆದಕುತ್ತಿದ್ದವು. ಲವೀನಾ ಒಂದೆರಡು ಸಲ ಹೋಗಿ ಕಲ್ಲು ಸುರಿದಳು. ನವೆಂಬರಿನಲ್ಲಿ ಬೇಟೆ ಶುರುವಾದಾಗ ಬೇಟೆಗಾರರು ಹೊಡೆದ ಪ್ರತಿ ಜಿಂಕೆಯ ತಲೆಯನ್ನೂ ಇಲಾಖೆಯವರು ಪರೀಕ್ಷೆಗೆ ತೆಗೆದುಕೊಂಡರು. ಆ ಕಣಿವೆಯಲ್ಲಿ ಇನ್ನೂ ಕೆಲವು ಜಿಂಕೆಗಳಲ್ಲಿ ರೋಗ ಸಿಕ್ಕಿತು. ಹರ್ಷೆಲ್ ಹೊಡೆದ ಗಂಡು ಜಿಂಕೆಯಲ್ಲಿ ಸಿಗಲಿಲ್ಲ. ಆದರೂ ಅದರ ಮಾಂಸವನ್ನು ಅವನ ಹೆಂಡತಿ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವಂತೆ.

ರಾಯ್ಸ್ ಕಿಟಕಿಯ ಪಕ್ಕ ಕೂತು ದೂರದ ಕೋವಿಗಳ ಸದ್ದು ಕೇಳುತ್ತಿದ್ದ. ಒಂದು ದಿನ ಹೇಳಿದ:

"ಬೇಲಿಯಿಂದ ದೂರ, ಆ ಕೆಳಗಿನ ಬಯಲಲ್ಲಿ ಸ್ವಲ್ಪ ಹುಲ್ಲುಬೀಜ ಚೆಲ್ಲಿದ್ರೆ ಮುಂದಿನ ವರ್ಷ ಜಿಂಕೆ ಅಲ್ಲಿಗೆ ಬರುತ್ವೆ, ಲವೀನಾ."

ಅವಳು ಪಾತ್ರೆ ಒರೆಸುತ್ತಿದ್ದಳು. ಕೈ ನಿಲ್ಲಿಸಿ ಅವನ ಕಡೆ ತಿರುಗಿದಳು.

"ಬರ್ಲಿ ಅನ್ನೋ ಆಸೆ ಇದ್ರೆ ನೀನೇ ಹೋಗಿ ಚೆಲ್ಲು. ನಾನು ಇನ್ನು ಆ ದಿಣ್ಣೆ ಹತ್ತಲ್ಲ."

ಮದುವೆಯಾದಾಗಿನಿಂದ ಅವಳು ಒಲ್ಲೆ ಅಂದದ್ದು ರಾಯ್ಸನಿಗೆ ನೆನಪಿರಲಿಲ್ಲ. ಆಮೇಲೆ, ಸರಿ ಬಿಡು ಎಂದು ತಲೆಯಾಡಿಸಿದ. ಲವೀನಾ ಉಳಿದ ಪಾತ್ರೆಗಳನ್ನು ಹಾಗೆಯೇ ಬಿಟ್ಟು, ಬೂಟು ಬಿಚ್ಚಿ, ಹಗಲಿರುವಾಗಲೇ ಹೋಗಿ ಮಲಗಿದಳು.