ಅಳತೆಯ ಹೊತ್ತಿಗೆ ಅತಿಥಿಗಳು

ಮನುಕುಲದ ಮುಂದೆ ಈ ಬೆಳಿಗ್ಗೆ ನಿಂತಿರುವ ಅತ್ಯಂತ ಗಹನವಾದ ಪ್ರಶ್ನೆ ಚಪ್ಪಲಿಗಳದು, ಪ್ರಯೋಗಾಲಯದ ಬಾಗಿಲಲ್ಲಿ ಇಷ್ಟೊಂದು ಜೊತೆ, ಎಲ್ಲಿಡುವುದು, ಹಾಕಿಕೊಂಡೇ ಒಳಗೆ ಬಂದರೆ ನೆಲ ಅದುರುತ್ತದೆ, ನೆಲ ಅದುರಿದರೆ ಅಳತೆ ಅದುರುತ್ತದೆ, ಅಳತೆ ಅದುರಿದರೆ ನನ್ನ ಕಥೆ ಮುಗಿಯಿತು — ನನ್ನ ಸಂಶೋಧನೆಯ ಗುರುಗಳು ನಿನ್ನೆಯೇ ಅಂದಿದ್ದಾರೆ, ನೋಡಮ್ಮಾ, ಊರವರನ್ನೆಲ್ಲ ಕರೀತೀಯಾ, ಕರಿ, ನಾಳೆ ಅಳತೆ ಕೆಟ್ರೆ ಈ ಸಂತೆಗೆ ಇದೇ ಕೊನೆ. ಸಂತೆ! ತಿಂಗಳಿಗೊಂದು ಭಾನುವಾರ, ಯಾರು ಬೇಕಾದರೂ ಬಂದು ಯಂತ್ರ ನೋಡಿ ಏನು ಬೇಕಾದರೂ ಕೇಳುವ ದಿನ, ನನಗೆ ಪಿಎಚ್‌ಡಿ ಪ್ರಬಂಧಕ್ಕಿಂತ ಹೆಚ್ಚಿನದು, ಆದರೆ ಅದನ್ನು ಗುರುಗಳಿಗೆ ಹೇಳುವ ಧೈರ್ಯ ಯಾರಿಗಿದೆ — ಬಂದರಲ್ಲ, ಕ್ಷೌರದಂಗಡಿಯವರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಔಷಧದಂಗಡಿಯಾಕೆ, ಎಲ್ಲರಿಗಿಂತ ಮುಂದೆ ನನ್ನನ್ನು ಸಾಕಿದ ಚಿಕ್ಕಮ್ಮ, ಇದೇನೇ ಇದು, ಹಾಲಿನ ಕ್ಯಾನು ನೇತುಹಾಕಿದೀರಾ, ಇಲ್ಲ ಚಿಕ್ಕಮ್ಮ, ಇದರೊಳಗೆ ಅಂತರಿಕ್ಷಕ್ಕಿಂತ ತಣ್ಣಗಿದೆ, ಹಾಗಾದ್ರೆ ಮುಚ್ಚಳ ತೆಗೀಬೇಡ, ತಣ್ಣಗಿರೋದೆಲ್ಲ ಆಚೆ ಹೋಗುತ್ತೆ. ಸರಿಯಾಗೇ ಹೇಳಿದಳು. ಒಳಗೊಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್, ಅದರ ಸ್ಥಿತಿ ಹೌದೂ ಅಲ್ಲ, ಇಲ್ಲವೂ ಅಲ್ಲ, ಎರಡರ ಬೆರಕೆ, ಹೊರಗಿನದು ಏನೇ ತಾಗಿದರೂ ಬೆರಕೆ ಕೆಟ್ಟುಹೋಗುತ್ತದೆ ಅಂದೆ, ಔಷಧದಂಗಡಿಯಾಕೆ ತಕ್ಷಣ, ಓ, ನಮ್ಮನೆಯವರ ನಿದ್ದೆ ಥರ, ಮಲಗಿದೀರಾ ಅಂತ ಕೇಳಿದ್ರೆ ಎದ್ದುಬಿಡ್ತಾರೆ — ಇಷ್ಟು ಚೆನ್ನಾಗಿ ನಾನು ಎಲ್ಲಿಯೂ ಬರೆದಿಲ್ಲ, ಇದಕ್ಕೇ ತಾನೇ ಇವರನ್ನು ಕರೆಯುವುದು, ಇದಕ್ಕೇ ತಾನೇ ಚಿಕ್ಕಂದಿನಲ್ಲಿ ಚಿಕ್ಕಮ್ಮ ಒಂದೇ ಮೇಜಿನ ಆ ತುದಿಯಲ್ಲಿ ಹೊಲಿಯುತ್ತ, ಈ ತುದಿಯಲ್ಲಿ ಓದುವ ನನಗೆ, ಓದಿದ್ದನ್ನು ನನಗೂ ಅರ್ಥ ಆಗೋ ಹಾಗೆ ಹೇಳು, ಆಗ್ಲಿಲ್ಲ ಅಂದ್ರೆ ನಿನಗೂ ಆಗಿಲ್ಲ ಅಂತ ಲೆಕ್ಕ, ಅನ್ನುತ್ತಿದ್ದದ್ದು, ಕಾಲು ಅಲ್ಲಾಡಿಸ್ಬೇಡ ಕಣೇ, ಹೊಲಿಗೆ ಸೊಟ್ಟಗಾಗುತ್ತೆ, ಅನ್ನುತ್ತಿದ್ದದ್ದೂ.

ಈಗ ಅಳತೆ, ಯಾರೂ ಕದಲಬೇಡಿ, ಕ್ಷೌರದಂಗಡಿಯವರು ಉಸಿರನ್ನೂ ಬಿಗಿಹಿಡಿದಿದ್ದಾರೆ, ಪುಣ್ಯಾತ್ಮರು, ಉಸಿರಾಡಬಹುದು ಎಂದು ಹೇಳಲು ಮರೆತೆ — ಪರದೆಯ ಮೇಲೆ ಗೆರೆ ಇಳಿಯುತ್ತಿದೆ, ಗೆರೆಯಲ್ಲಿ ಮತ್ತೆ ಅದೇ ನಡುಕ, ತಿಂಗಳುಗಳಿಂದ ಕಾಡುವ ಹುಳುವಿನಂಥ ನಡುಕ, ಲಿಫ್ಟನ್ನು ಬೈದೆವು, ಜನರೇಟರನ್ನು ಬೈದೆವು, ರಸ್ತೆಯ ಲಾರಿಗಳನ್ನು ಬೈದೆವು, ಇಂದು ಬೈಗುಳಕ್ಕೆ ಅತಿಥಿಗಳಿದ್ದಾರೆ, ಗುರುಗಳ ಕಣ್ಣು ನನ್ನ ಮೇಲೆ, ಹೇಳ್ಲಿಲ್ವಾ ಎಂಬ ಕಣ್ಣು, ಮುಗಿಯಿತು, ಇನ್ನು ಭಾನುವಾರಗಳಿಲ್ಲ — ಸ್ವಾಮಿ, ತಪ್ಪು ತಿಳ್ಕೋಬೇಡಿ, ಅಯ್ಯೋ ಚಿಕ್ಕಮ್ಮ ಬೇಡ, ನಮಗೆಲ್ಲ ಕದಲಬೇಡಿ ಅಂದು ನೀವೊಬ್ರೇ ಕಾಲು ಅಲ್ಲಾಡಿಸ್ತಾ ಕೂತಿದೀರಲ್ಲ. ಗುರುಗಳ ಪಾದ ಮೇಜಿನ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ, ಪಟ್ಟಿಗೆ ಕಟ್ಟಿದ ಕೇಬಲ್ಲು ನೆಟ್ಟಗೆ ಯಂತ್ರಕ್ಕೆ, ಯೋಚನೆಗೆ ಬಿದ್ದರೆ ಆ ಮೊಣಕಾಲು ಕುಣಿಯುವುದು ನಮಗೆಲ್ಲ ಎಷ್ಟು ಪರಿಚಿತ, ಅಷ್ಟು ಪರಿಚಿತವಾದ್ದರಿಂದಲೇ ಯಾರಿಗೂ ಕಂಡಿಲ್ಲ. ಮೊಣಕಾಲು ನಿಂತಿತು. ಪರದೆಯ ಮೇಲಿನ ಹುಳು ಸತ್ತಿತು. ಗುರುಗಳು, ಎಷ್ಟಾದರೂ ವಿಜ್ಞಾನಿ, ಬೇಕೆಂದೇ ಮತ್ತೆ ಅಲ್ಲಾಡಿಸಿದರು, ಹುಳು ಬಂತು, ನಿಲ್ಲಿಸಿದರು, ಹೋಯಿತು, ಕಿವಿಯವರೆಗೆ ಕೆಂಪಾಗಿ ಪಾದ ಕೆಳಗಿಟ್ಟು, ಇನ್ನೊಂದು ಸಲ ತಗೋ ಅಳತೆ, ಇವರೆಲ್ಲ ಇರ್ಲಿ, ಅಮ್ಮಾ, ನೀವು ಇಲ್ಲೇ ನನ್ನ ಪಕ್ಕ ಕೂತ್ಕೊಳ್ಳಿ — ಚಿಕ್ಕಮ್ಮ ಕೂತಳು, ಕಣ್ಣು ಪರದೆಯ ಮೇಲಲ್ಲ, ಆ ಮೊಣಕಾಲಿನ ಮೇಲೆ, ಗುರುಗಳು ತಾವೇ ಅದುಮಿದ ಎರಡು ಅಂಗೈಗಳ ಕೆಳಗೆ ಆ ಮೊಣಕಾಲು, ಅಲುಗದ ಮೊಣಕಾಲು. ಮುಂದಿನ ತಿಂಗಳೂ ಜನ ಬರುತ್ತಾರೆ.